ತಂಗಾಳಿಯನ್ನು ನಂಬಿ ಕಟ್ಟಿದ ಮನೆ

ಕಲಬುರಗಿ
ಶ್ರಾವಣ ಮಾಸದ ಅರವತ್ತೇಳನೇ ದಿನ, ಇಸವಿ ೨೧೯೬

ನನಗಿಂತ ಕಿರಿಯರೂ ನನ್ನ ಮುತ್ತಜ್ಜನಿಗಿಂತ ಹಿರಿಯರೂ ಆದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳಲ್ಲಿ ಅಣವೀರನ ಸವಿನಯ ನಮಸ್ಕಾರಗಳು.

ಪತ್ರಕ್ಕೆ ಮುಂಚೆ ತಪ್ಪೊಪ್ಪಿಗೆ. ಆತ್ಮಸಾಕ್ಷಿಯನ್ನು ಎದುರಿಗೆ ಕೂರಿಸಿಕೊಂಡು, ಎರಡೂ ಕೈ ಜೋಡಿಸಿ ಹೇಳುತ್ತಿದ್ದೇನೆ: ಇಂದು ಬೆಳಿಗ್ಗೆ ನಾನು ಕಳ್ಳತನ ಮಾಡಿದೆ. ಬಜಾರದ ದಾರಿಯಲ್ಲಿ ನನ್ನ ಮುಂದೆ ವಿಶಾಲಕಾಯರೊಬ್ಬರು ನಡೆಯುತ್ತಿದ್ದರು. ಅವರ ನೆರಳು ಅವರಿಗಿಂತಲೂ ವಿಶಾಲವಾಗಿತ್ತು. ನಾನು ಅದರೊಳಗೆ ಹೊಕ್ಕು, ಅವರು ತಿರುಗಿದ ಕಡೆ ತಿರುಗುತ್ತ, ಅವರು ನಿಂತಾಗ ನಿಲ್ಲುತ್ತ, ಬಿಸಿಲು ತಾಗಿಸಿಕೊಳ್ಳದೆ ಬಜಾರ ದಾಟಿದೆ. ನಮ್ಮ ಕಾಯ್ದೆಯಲ್ಲಿ ಇದಕ್ಕೆ ನೆರಳುಗಳ್ಳತನ ಎಂದು ಹೆಸರು. ಮನುಷ್ಯನ ನೆರಳು ಆ ಮನುಷ್ಯನದೇ ಆಸ್ತಿ. ಅವರು ಗಕ್ಕನೆ ತಿರುಗಿ, "ತಮ್ಮಾ, ನನ್ನ ನೆಳ್ಳಾಗ ನಿಮ್ಮಪ್ಪ ಏನರ ಹುಗದಿಟ್ಟಾನೇನು?" ಎಂದು ಕೇಳಿದರು. "ಇಲ್ರಿ ಕಾಕಾ, ನಿಮ್ಮ ದೊಡ್ಡತನದ ಆಸರಾ ಬೇಡಿ ಬಂದೀನಿ" ಎಂದೆ. ಬಿಸಿಲಿಗೆ ನಾನು ಕರಗುವ ಮುಂಚೆ ಹೊಗಳಿಕೆಗೆ ಅವರು ಕರಗಿದರು. ಪೊಲೀಸರ ತನಕ ಹೋಗಲಿಲ್ಲ.

ಮೇಲಿನ ತಾರೀಕನ್ನು ಕಂಡು ನೀವು ಹುಬ್ಬು ಗಂಟಿಕ್ಕಿರಬಹುದು. ಮುದ್ರಣದೋಷವಲ್ಲ. ಆಷಾಢಕ್ಕೂ ಭಾದ್ರಪದಕ್ಕೂ ನಡುವೆ ಈಗ ಎರಡನೆಯ ಬೇಸಿಗೆಯೊಂದು ನುಸುಳಿಕೊಂಡಿದೆ, ಮರುಬೇಸಿಗೆ ಎನ್ನುತ್ತೇವೆ. ಪಂಚಾಂಗದವರು ಹೊಸ ತಿಂಗಳಿಗೆ ಹೆಸರಿಡಲು ಒಪ್ಪದೆ ಶ್ರಾವಣವನ್ನೇ ರಬ್ಬರಿನಂತೆ ಎಳೆದರು. ಶ್ರಾವಣದ ಹಬ್ಬಗಳೆಲ್ಲ ಹಾಗೆಯೇ ಇವೆ, ಮಳೆ ಮಾತ್ರ ರಜೆಯ ಮೇಲಿದೆ. ಇಂಥ ಇನ್ನೂ ಹಲವು ವಿಚಿತ್ರ ಮಾತುಗಳು ಮುಂದೆ ಬರುತ್ತವೆ, ಕ್ಷಮಿಸಿ. ಮಾತು ನಮ್ಮದು ವಿಚಿತ್ರ, ಅದಕ್ಕೆ ಕಾರಣ ನಿಮ್ಮದು.

ಈ ಪತ್ರಕ್ಕೂ ಒಂದು ಹೆಸರಿದೆ: ಹಿನ್ನೋಲೆ. ನಮ್ಮ ಕಾಲೇಜಿನಲ್ಲಿ ಕೊನೆಯ ವರ್ಷದವರು ಹಿಂದಿನ ಕಾಲದವರಿಗೆ ಒಂದು ಪತ್ರ ಬರೆದು, ಮಡಚಿ, ಏಳುತ್ತಿರುವ ಯಾವುದಾದರೂ ಗೋಡೆಯೊಳಗಿಟ್ಟು ಮಣ್ಣು ಮೆತ್ತಬೇಕು. ಅದು ನಿಮ್ಮನ್ನು ಮುಟ್ಟುತ್ತದೆಯೇ ಎಂದು ಮೊದಲ ವರ್ಷದಲ್ಲೇ ನಮ್ಮ ಜಗದೇವಿ ಮೇಡಂ ಅವರನ್ನು ಕೇಳಿದ್ದೆ. "ಮುಟ್ಟಿದ್ದರ ನಾವು ಹಿಂಗ್ಯಾಕ ಇರ್ತಿದ್ವೋ?" ಎಂದರು. ಆದರೂ ಬರೆಯುತ್ತಿದ್ದೇನೆ.

ಬರೆಯುತ್ತಿರುವುದು ನಿಮ್ಮದೇ ಕಾಲದ ಒಂದು ಕಟ್ಟಡದಲ್ಲಿ ಕುಳಿತು. ಅದೊಂದು ದೊಡ್ಡ ಮಾಲ್ ಆಗಿತ್ತಂತೆ. ಮೇಲಿನ ಗಾಜಿನ ಅಂತಸ್ತುಗಳಿಗೆ ಈಗ ಹಕ್ಕಿಯೂ ಹೋಗುವುದಿಲ್ಲ. ಹೋದ ಹಕ್ಕಿ ಹುರಿದ ಹಕ್ಕಿಯಾಗಿ ಬೀಳುತ್ತದೆ. ನಾವು ಇರುವುದು ಕೆಳಗೆ, ಕಾರು ನಿಲ್ಲಿಸಲೆಂದು ನೀವು ಅಗೆದ ನೆಲಮಾಳಿಗೆಯಲ್ಲಿ. ಮನುಷ್ಯರನ್ನು ಗಾಜಿನ ಪೆಟ್ಟಿಗೆಯಲ್ಲಿ ಬಿಸಿಲಿಗಿಟ್ಟು ಕಾರುಗಳನ್ನು ಭೂಮಿಯ ತಂಪಿನಲ್ಲಿ ಮಲಗಿಸಿದ ನಿಮ್ಮ ಕರುಣೆಯನ್ನು ಏನೆಂದು ಹೊಗಳಲಿ? ಮರುಬೇಸಿಗೆಯಲ್ಲಿ ಊರಿನ ಅರ್ಧ ಜನ ಇಲ್ಲೇ ವಾಸ. ಒಂದು ಕಾರಿನ ಜಾಗಕ್ಕೆ ಒಂದು ಸಂಸಾರ. ನೀವು ಬಳಿದ ಹಳದಿ ಗೆರೆಗಳೇ ನಮ್ಮ ಗೋಡೆಗಳು, ಗೆರೆ ದಾಟಿ ಕಾಲು ಚಾಚಿದರೆ ಪಕ್ಕದ ಮನೆಗೆ ನುಗ್ಗಿದಂತೆ. ನಿಶ್ಚಿತಾರ್ಥಗಳೂ ಇಲ್ಲೇ ನಡೆಯುತ್ತವೆ. ಹುಡುಗನ ಕಡೆಯವರು ಜಾತಕ ಕೇಳುವುದಿಲ್ಲ, ಹುಡುಗಿಯ ಮಸಿಪಾಲು ಎಷ್ಟು ಉಳಿದಿದೆ ಎಂದು ಕೇಳುತ್ತಾರೆ. ಮಸಿಪಾಲು ಎಂದರೆ ಪ್ರತಿ ಜೀವಕ್ಕೂ ಹುಟ್ಟಿದಾಗ ಸಿಗುವ ಇಂಗಾಲದ ಪಾಲು. ಒಲೆ ಹಚ್ಚಿದರೂ ಮನೆ ಕಟ್ಟಿದರೂ ಅದರಲ್ಲೇ ಕಳೆಯಬೇಕು. ನಿಮ್ಮ ಕಾಲದ ಇಂಗಾಲ ನೆಲಕ್ಕೂ ಇಂಗಲಿಲ್ಲ, ಕಡಲಿಗೂ ಇಂಗಲಿಲ್ಲ; ನಾವೇ ಇಂಗು ತಿಂದ ಮಂಗಗಳಾದೆವು. ಮಸಿ ನಿಮ್ಮದು, ಮುಖ ನಮ್ಮದು.

ಹೀಗಾಗಿ ನಮ್ಮಲ್ಲಿ ಮನೆ ಕಟ್ಟುವುದನ್ನು ಕಲಿಯುವುದೆಂದರೆ ಹೊಗೆಯಿಲ್ಲದೆ ಕಟ್ಟುವುದನ್ನು ಕಲಿಯುವುದು. ಇಟ್ಟಿಗೆಯನ್ನು ಸುಡುವಂತಿಲ್ಲ. ಸಿಮೆಂಟ್ ಎಂಬುದನ್ನು ಕಾಲೇಜಿನ ಗಾಜಿನ ಭರಣಿಯಲ್ಲಿ ಇಟ್ಟಿದ್ದಾರೆ, ದಸರೆಗೊಮ್ಮೆ ದರ್ಶನ. ಮಣ್ಣು, ಸುಣ್ಣ, ಶಹಾಬಾದ್ ಕಲ್ಲು, ತೊಗರಿ ಕಟ್ಟಿಗೆಯನ್ನು ಒತ್ತಿ ಮಾಡಿದ ಹಲಗೆ, ಇಷ್ಟರಲ್ಲೇ ಸಂಸಾರ. ಮೊದಲ ವರ್ಷ ಪೆನ್ಸಿಲ್ ಮುಟ್ಟಲು ಬಿಡುವುದಿಲ್ಲ. ಏನನ್ನು ಬರೆಯುತ್ತೀರೋ ಅದನ್ನು ಮೊದಲು ತಲೆಯ ಮೇಲೆ ಹೊರಬೇಕು ಎಂಬುದು ನಿಯಮ. ಕಲ್ಲಿನ ಚಪ್ಪಡಿ ಹೊತ್ತವನು ನಕ್ಷೆಯಲ್ಲಿ ಅನವಶ್ಯಕವಾಗಿ ಒಂದು ಮೆಟ್ಟಿಲನ್ನೂ ಬರೆಯುವುದಿಲ್ಲ. ಎರಡನೇ ವರ್ಷ ಹಳೆಯ ಕಟ್ಟಡ ಉಳಿಸುವ ಪಾಠ. ಕಾಲೇಜಿನಲ್ಲಿ 'ಕೆಡವು' ಎಂಬುದು ಬೈಗುಳ. ಒಮ್ಮೆ ಯಾರೋ ಅಂದಿದ್ದಕ್ಕೆ ಹೊಡೆದಾಟವಾಗಿತ್ತು. ಮೂರನೇ ವರ್ಷ ಮಸಿಯೆಣಿಕೆ: ಕಟ್ಟಡ ಏಳುವಾಗ ಎಷ್ಟು ಹೊಗೆ, ಎದ್ದ ಮೇಲೆ ಅದರೊಳಗೆ ಬದುಕಲು ಎಷ್ಟು ಹೊಗೆ. ನೀವೂ ಇದನ್ನೇ ಓದುತ್ತಿದ್ದೀರಿ, ಬಲ್ಲೆ. ನಿಮ್ಮ ಕಾಲದ ಪಠ್ಯಗಳು ನಮಗೆ ಕಂಠಪಾಠ. ದೇವರ ಮುಂದೆ ಮಂತ್ರ ಹೇಳಿದಂತೆ ಹೇಳುತ್ತೇವೆ: ದಪ್ಪ ಗೋಡೆ ಹಗಲಿನ ಕಾವನ್ನು ಕುಡಿಯುತ್ತದೆ, ರಾತ್ರಿ ಕಿಟಕಿ ತೆರೆದರೆ ತಂಗಾಳಿ ಬಂದು ಅದನ್ನು ಕೊಂಡೊಯ್ಯುತ್ತದೆ.

ಎಂಥ ಚೆಂದದ ಮಾತು. ಗೋಡೆ ಕುಡಿಯುತ್ತದಂತೆ, ಗಾಳಿ ಹೊರುತ್ತದಂತೆ, ಮನೆಯವರು ಮಲಗುತ್ತಾರಂತೆ. ನಾನೂ ಇದನ್ನು ನಂಬಿದೆ. ಒಂದು ಮೊಳಕ್ಕೆ ಎರಡು ಮೊಳ ಸೇರಿಸಿ ಗೋಡೆಯನ್ನು ದಪ್ಪ ಮಾಡಿದೆ. ಹಸಿ ಮಣ್ಣಿಗೆ ಹೊಗೆಯಿಲ್ಲ, ಆದ್ದರಿಂದ ಗೋಡೆ ದಪ್ಪವಾದಷ್ಟೂ ನನ್ನ ಅಂಕವೂ ದಪ್ಪ. ನಮ್ಮ ಕಾಲೇಜಿನ ಚರಿತ್ರೆಯಲ್ಲೇ ಅತಿ ಕಡಿಮೆ ಮಸಿಯ ಮನೆ ನನ್ನದೆಂದು ಘೋಷಣೆಯಾಯಿತು. ಮಿತ್ರರು ಹೆಗಲ ಮೇಲೆ ಹೊತ್ತು ಕುಣಿದರು. ಬಿಸಿಲಿದ್ದುದರಿಂದ ಬೇಗ ಇಳಿಸಿದರು.

ಆದರೆ ಅಂಕ ಬಂದರೆ ಸಾಲದು. ಕೊನೆಗೊಂದು ಪರೀಕ್ಷೆಯಿದೆ, ಅದಕ್ಕೆ ಒಡಲಜಾಮೀನು ಎಂದು ಹೆಸರು. ವಿದ್ಯಾರ್ಥಿ ಕಟ್ಟಿದ ಮನೆಯಲ್ಲಿ ಅವನ ಮನೆಯದೇ ಹಿರಿಯರೊಬ್ಬರು ಮರುಬೇಸಿಗೆಯನ್ನು ಕಳೆಯಬೇಕು. ಫ್ಯಾನಿಲ್ಲ, ಯಂತ್ರವಿಲ್ಲ. ಬಾಗಿಲಿಗೆ ಒಳಗಿನಿಂದ ಅವರದೇ ಅಗಳಿ. ಹೊತ್ತು ಹೊತ್ತಿಗೆ ಒಳಗಿನವರು ಊಟದ ಗಂಗಾಳ ಬಡಿದು ಸದ್ದು ಮಾಡಬೇಕು, ಹೊರಗಿನ ಚಪ್ಪರದಲ್ಲಿ ಕಾದು ಕುಳಿತ ವಿದ್ಯಾರ್ಥಿ ಕೂಗಿ ಉತ್ತರಿಸಬೇಕು. ಹಿರಿಯರು ಹೊರಗೆ ಬಂದರೆ ಮನೆ ನಪಾಸು. ಹಿಂದೆ ಕೆಲವರು ಸುಳ್ಳು ಎಣಿಕೆ ಕೊಟ್ಟು ಪದವಿ ಪಡೆದು, ಅವರು ಕಟ್ಟಿದ ಮನೆಗಳಲ್ಲಿ ಜನ ಬೆಂದುಹೋದ ಮೇಲೆ ಬಂದ ಪದ್ಧತಿಯಿದು. ಸ್ವಂತ ಅಜ್ಜಿಯನ್ನು ಒಳಗೆ ಕೂರಿಸಿ ಯಾರೂ ಸುಳ್ಳು ಹೇಳಲಾರರು ಎಂಬ ಲೆಕ್ಕಾಚಾರ. ಸುಳ್ಳು ಹೇಳಲಿಲ್ಲ, ನಿಜ. ತಪ್ಪು ಹೇಳಲು ಯಾವ ಅಡ್ಡಿಯೂ ಇರಲಿಲ್ಲ.

ನನಗಾಗಿ ಒಳಗೆ ಕೂತವಳು ನನ್ನ ಸೋದರತ್ತೆ ಭಾಗಮ್ಮ. ನನ್ನನ್ನು ಸಾಕಿದವಳು, ನನ್ನ ಓದಿಗಾಗಿ, ಮನೆಗಾಗಿ ತನ್ನ ಮಸಿಪಾಲನ್ನು ಪೂರ್ತಿ ಬಿಟ್ಟುಕೊಟ್ಟು, ವರ್ಷಾನುಗಟ್ಟಲೆ ಒಲೆ ಹಚ್ಚದೆ ಬಿಸಿಲಿಗೆ ಕಾದ ಕಲ್ಲಿನ ಮೇಲೆ ರೊಟ್ಟಿ ಬೇಯಿಸಿದವಳು. ಕಟಕ ರೊಟ್ಟಿಯ ಗಂಟು, ಹಿಂಡಿಯ ಡಬ್ಬಿ, ನೀರಿನ ಕೊಡಗಳೊಂದಿಗೆ ಒಳಗೆ ಹೊರಟಾಗ ನಾನು ಕಾಲಿಗೆ ಬಿದ್ದೆ. "ಏಳಲೇ ಅಣ್ಯಾ. ನೀ ಕಟ್ಟಿದ್ದು ಮನಿ ಅದನೋ ಗೋರಿ ಅದನೋ ನೋಡಿ ಬರ್ತೀನಿ" ಎಂದಳು. ನಗಲೆಂದು ಅಂದ ಮಾತು. ಎಲ್ಲರೂ ನಕ್ಕೆವು.

ಮೊದಲ ವಾರಗಳು ಚೆನ್ನಾಗಿಯೇ ಕಳೆದವು. ಗೋಡೆ ಕುಡಿಯಿತು. ರಾತ್ರಿ ಕಿಟಕಿ ತೆರೆದರೆ ಗಾಳಿ ಅಷ್ಟಿಷ್ಟು ಹೊತ್ತುಕೊಂಡೂ ಹೋಯಿತು. ಒಳಗಿನಿಂದ ಗಂಗಾಳ ಬಡಿಯುವ ಗತ್ತಿನಲ್ಲೇ ಅತ್ತೆಯ ಹುರುಪು ಕೇಳಿಸುತ್ತಿತ್ತು. ಆಮೇಲೆ ಕಾದಿರುಳುಗಳು ಬಂದವು. ಕಾದಿರುಳು ಎಂದರೆ ಕಾದ ಇರುಳು. ಬೆಳಗಾಗುವುದನ್ನೇ ಜನ ಕಾದು ಕೂರುವ ಇರುಳು ಎಂದೂ ಹೇಳಬಹುದು, ಬೆಳಗಾದರೆ ಇನ್ನಷ್ಟು ಬಿಸಿಲು ಎಂದು ಗೊತ್ತಿದ್ದೂ. ಸೂರ್ಯ ಮುಳುಗುತ್ತಾನೆ, ಸೆಕೆ ಮುಳುಗುವುದಿಲ್ಲ. ಕುಡಿದ ಗೋಡೆ ಕಕ್ಕಲು ತಾವಿಲ್ಲದೆ ಒಳಕ್ಕೇ ಕಕ್ಕುತ್ತದೆ. ಆಗ ಗೋಡೆ ದಪ್ಪವಾದಷ್ಟೂ ಅದರ ಹೊಟ್ಟೆಯಲ್ಲಿನ ಕೆಂಡ ದೊಡ್ಡದು. ಪರೀಕ್ಷೆಯ ಮನೆಗಳ ಇಡೀ ಓಣಿಯಲ್ಲಿ ಅತಿ ದಪ್ಪ ಗೋಡೆ ಯಾರದು ಎಂದು ಮತ್ತೆ ಹೇಳಬೇಕಾಗಿಲ್ಲ.

ಆಗಾಗ ಒಂದೊಂದು ಕಾದಿರುಳು ಬರುವುದು ಗೊತ್ತಿದ್ದದ್ದೇ. ಸಾಲಾಗಿ ಬಂದದ್ದು ನಮ್ಮ ಎಣಿಕೆಯಲ್ಲಿರಲಿಲ್ಲ. ನಾವೆಲ್ಲ ಮನೆಗಳನ್ನು ಲೆಕ್ಕ ಹಾಕುವುದು ಹವೆಮಾಲೆಯಿಂದ. ಇಡೀ ವರ್ಷದ ಬಿಸಿ, ಗಾಳಿ, ತೇವವನ್ನು ದಿನಕ್ಕೊಂದು ಮಣಿಯಂತೆ ಪೋಣಿಸಿದ ಅಂಕಿಗಳ ಸರ ಅದು. ಮೇಷ್ಟರು ಶಿಷ್ಯರಿಗೆ ಕೊಡುತ್ತಾರೆ, ಶಿಷ್ಯರು ಮೇಷ್ಟರಾದ ಮೇಲೆ ತಮ್ಮ ಶಿಷ್ಯರಿಗೆ ಕೊಡುತ್ತಾರೆ. ಅದನ್ನು ತೆಗೆದುಕೊಳ್ಳುವಾಗ ಕಣ್ಣಿಗೊತ್ತಿಕೊಳ್ಳುವ ರೂಢಿ. ಮೂರನೆಯ ಕಾದಿರುಳಿನ ಹಿಂದಿನ ಸಂಜೆ ನಾನು ಜಗದೇವಿ ಮೇಡಂ ಅವರ ಬಳಿ ಓಡಿದೆ. ಈ ಮಾಲೆಯನ್ನು ಪೋಣಿಸಿದ್ದು ಯಾವಾಗ ಎಂದು ಕೇಳಿದೆ.

"ನಾ ಓದೋ ಮುಂದ ಇದೇ ಇತ್ತು" ಎಂದರು ಮೇಡಂ.

"ಅಂದಿನ ರಾತ್ರಿ ಬ್ಯಾರೆ, ಇಂದಿನ ರಾತ್ರಿ ಬ್ಯಾರೆ ಅಲ್ಲೇನ್ರಿ?"

"ಬ್ಯಾರೆ ಅದ."

"ಮತ್ತ ಬದಲಿ ಯಾಕ ಮಾಡಿಲ್ರಿ ಮೇಡಂ?"

ಅವರು ಬೀಸಣಿಗೆಯನ್ನು ಕೆಳಗಿಟ್ಟರು. ಆಮೇಲೆ, "ಖರೇ ಮಣಿ ಪೋಣಿಸಿದರ ಒಂದು ಮನೀನೂ ಪಾಸಾಗಂಗಿಲ್ಲೋ ಅಣವೀರ. ಯಾವ ಮನೀನೂ ಪಾಸಾಗದ ಕಾಲೇಜಿಗೆ ಯಾರು ಬರ್ತಾರ? ಬಂದವರಿಗೆ ನಾ ಏನಂತ ಹೇಳಲಿ?" ಎಂದರು. ಅವರು ಕೆಟ್ಟವರಲ್ಲ. ಮೂರನೇ ವರ್ಷದಲ್ಲಿ ನನ್ನ ಜ್ವರಕ್ಕೆ ಕಷಾಯ ಕಳಿಸಿದವರು. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಕೆಟ್ಟವರು ಮಾಡಿದ್ದಾಗಿದ್ದರೆ ಅವರನ್ನು ಬೈದು ಮಲಗಬಹುದಿತ್ತು.

ಮರುದಿನ ಬೆಳಿಗ್ಗೆ ನನ್ನ ಪಕ್ಕದ ಮನೆಯ ಗಂಗಾಳ ಸದ್ದು ಮಾಡಲಿಲ್ಲ. ಅದು ನನ್ನ ಸಹಪಾಠಿ ಶಾಂಭವಿ ಕಟ್ಟಿದ ಮನೆ, ಒಳಗಿದ್ದವರು ಅವಳ ಅಜ್ಜ. ಬಾಗಿಲು ಒಡೆದು ಅವರನ್ನು ಹೊರಗೆ ತಂದು ಕಲ್ಲಿನ ಮೇಲೆ ಮಲಗಿಸಿದರು. ಮೈಮೇಲೆ ಬೆವರಿನ ಒಂದು ಹನಿಯೂ ಇರಲಿಲ್ಲ. ಶಾಂಭವಿ ಅಳಲಿಲ್ಲ, ಅಜ್ಜನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕುತ್ತ ಕುಳಿತಳು. ಪರೀಕ್ಷಕರು ನಿಯಮ ಓದಿದರು. ಒಳಗಿದ್ದವರು ತಾವಾಗಿ ಹೊರಗೆ ಬಂದರೆ ಮನೆ ನಪಾಸು. ಅಜ್ಜ ತಾವಾಗಿ ಬರಲಿಲ್ಲ. ಆದ್ದರಿಂದ ಮನೆ ಪಾಸು.

ನಾನು ಜೀವಮಾನವಿಡೀ ಮಾತಿನಲ್ಲಿ ಮಾತು ತಿರುಚಿ ನಗಿಸಿದವನು. 'ಪಾಸು' ಎಂಬ ಆ ಒಂದು ಪದವನ್ನು ಎಷ್ಟು ತಿರುಚಿದರೂ ನಗು ಬರಲಿಲ್ಲ.

ನನ್ನ ಮನೆಯ ಬಾಗಿಲ ಸಂದಿಗೆ ಬಾಯಿಟ್ಟು ಕೂಗಿದೆ: "ಅತ್ತೀ, ಹೊರಗ ಬಾ."

"ಬರಂಗಿಲ್ಲ."

"ಪರೀಕ್ಷಾ ಹಾಳಾಗಿ ಹೋಗ್ಲಿ. ನೀ ಅಗಳಿ ತಗಿ."

"ಹಾಳಾಗಾಕ ನಾ ಇಷ್ಟು ವರ್ಷ ಕಲ್ಲ ಮ್ಯಾಲ ರೊಟ್ಟಿ ಬೇಯಿಸೀನೇನು? ಸುಮ್ಮ ಕುಂದರು. ನಿನ್ನ ಮನಿ ತಣ್ಣಗದ."

"ಸುಳ್ಳು ಹೇಳಬ್ಯಾಡ."

"ಸುಳ್ಳ್ಯಾಕ ಹೇಳ್ಲಿ? ಮೈ ಗಡಗಡ ನಡುಗ್ಲಾಕತ್ತದ. ಸೆಕಿ ಇದ್ದರ ಯಾರರ ನಡುಗ್ತಾರೇನು?"

ಸೆಕೆ ತಲೆಗೇರಿದವರು ಕೊನೆಗೆ ಚಳಿಯೆಂದು ನಡುಗುತ್ತಾರೆ. ನಮ್ಮಲ್ಲಿ ಇದು ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಅತ್ತೆಗೂ ಗೊತ್ತಿತ್ತು.

ಆಮೇಲೆ ನಡೆದದ್ದನ್ನು ನಾನೇ ಹೇಳಿಕೊಳ್ಳುವುದು ಚೆಂದವಲ್ಲ, ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳಬೇಕಾಗಿದೆ. ಬಾಗಿಲು ನನ್ನ ಹೆಗಲಿಗೆ ಬಗ್ಗಲಿಲ್ಲ. ನಾನು ಸುಡುವ ಮಾಳಿಗೆಯನ್ನು ಬರಿಗಾಲಲ್ಲಿ ಹತ್ತಿದೆ. ಬೆಳಕಿಂಡಿಯ ಹಲಗೆ ಕಿತ್ತು, ಹಿಂದೆ ಮುಂದೆ ನೋಡದೆ ಒಳಕ್ಕೆ ಧುಮುಕಿದೆ. ಪದವಿಯನ್ನೂ ಕೀರ್ತಿಯನ್ನೂ ಕಾಲೇಜಿನ ಚರಿತ್ರೆಯಲ್ಲಿ ನನಗೆ ಮೀಸಲಾಗಿದ್ದ ಸಾಲನ್ನೂ ಬೂದಿಗೆ ಎಸೆದು, ಅತ್ತೆಯನ್ನು ಆ ಕುಲುಮೆಯಿಂದ ಪಾರುಮಾಡಿದೆ. ಅತ್ತೆ ಬದುಕಿದ್ದಾಳೆ. ಇದೇ ನೆಲಮಾಳಿಗೆಯಲ್ಲಿ, ಇದೇ ಹಳದಿ ಗೆರೆಯೊಳಗೆ ನನ್ನ ಪಕ್ಕದಲ್ಲಿ ಗೋಡೆಗೊರಗಿ ಕುಳಿತಿದ್ದಾಳೆ. ನನ್ನ ಮನೆ ನಪಾಸು. ನಾನೂ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ನೀವು ಈಗ ಯಾವುದೋ ಸ್ಟುಡಿಯೋದಲ್ಲಿ ಕುಳಿತು, ಕಂಪ್ಯೂಟರಿನಲ್ಲಿ ಒಂದು ಮನೆಯನ್ನು ನಿಲ್ಲಿಸಿ, ಅದರ ಸುತ್ತ ಸೂರ್ಯನನ್ನು ತಿರುಗಿಸುತ್ತಿರುತ್ತೀರಿ. ಒಳಗಿನ ಬಿಸಿ ಇಷ್ಟು, ಇಂಗಾಲ ಇಷ್ಟು ಎಂದು ಅದು ತೋರಿಸುತ್ತದೆ. ಅಂಕಿ ಹಸಿರಾದರೆ ನೀವು ಚಹಾಕ್ಕೆ ಹೋಗುತ್ತೀರಿ. ಒಮ್ಮೆ, ಚಹಾಕ್ಕೆ ಹೋಗುವ ಮುಂಚೆ, ಆ ಸೂರ್ಯ ಯಾವ ವರ್ಷದವನು ಎಂದು ಕೇಳಿ ನೋಡಿ. ಆ ಗಾಳಿ ಯಾರ ಕಾಲದ್ದು ಎಂದು ಕೇಳಿ. ನಿಮ್ಮ ಹವೆಮಾಲೆಯೂ ನಿಮ್ಮ ಅಪ್ಪಂದಿರ ಕಾಲದ ಮಣಿಗಳದ್ದಾಗಿದ್ದರೆ ನನಗೆ ಆಶ್ಚರ್ಯವಿಲ್ಲ. ಮನೆ ನೂರು ವರ್ಷ ಬಾಳಲಿ ಎನ್ನುತ್ತೀರಿ, ಹವೆ ಮಾತ್ರ ಹಿಂದಿನದನ್ನು ಕಟ್ಟಿಕೊಡುತ್ತೀರಿ. ಹೋದ ರಾತ್ರಿಗಳಿಗಾಗಿ ಕಟ್ಟಿದ ಮನೆಯಲ್ಲಿ ಬರುವ ರಾತ್ರಿಗಳನ್ನು ನಾವು ಕಳೆಯುತ್ತಿದ್ದೇವೆ.

ಇನ್ನೊಂದು ಮಾತು, ಇದು ಗಟ್ಟಿಯಾಗಿ ಹೇಳುವಂಥದ್ದಲ್ಲ. ಈ ನೆಲಮಾಳಿಗೆಯೂ ಮೊದಲಿನಂತಿಲ್ಲ. ನಾನು ಸಣ್ಣವನಿದ್ದಾಗ ಇಲ್ಲಿಯ ಕಂಬಕ್ಕೆ ಕೆನ್ನೆ ಒತ್ತಿದರೆ ಕಚಗುಳಿಯಿಟ್ಟಂತೆ ತಂಪಾಗುತ್ತಿತ್ತು. ಈಗ ಬೆಚ್ಚಗಿದೆ. ಯಾರೂ ಆಡಿಕೊಳ್ಳುವುದಿಲ್ಲ. ಜನ ಸುಮ್ಮನೆ ಹಾಸಿಗೆಯನ್ನು ಕಂಬದಿಂದ ಸ್ವಲ್ಪ ದೂರ ಎಳೆದುಕೊಳ್ಳುತ್ತಾರೆ. ಇದಕ್ಕಿಂತ ಕೆಳಗೆ ನೀವು ಅಗೆದಿಲ್ಲ.

ಮಣ್ಣಿನಲ್ಲಿ ಗೋಡೆ ಕಟ್ಟುವುದು ನಮಗೆ ಬರುತ್ತದೆ. ತೊಗರಿ ಕಟ್ಟಿಗೆಯಲ್ಲಿ ಸೂರು ಹೊದಿಸುವುದೂ ಬರುತ್ತದೆ. ರಾತ್ರಿಯನ್ನು ಕಟ್ಟುವುದು ಹೇಗೆಂದು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಅದು ನಿಮ್ಮ ಕೈಯಲ್ಲಿ ಇನ್ನೂ ಇದೆ. ನೀವು ಸುಡದೆ ಬಿಟ್ಟ ಒಂದೊಂದು ಗೂಡು ಇಟ್ಟಿಗೆ, ಕೆಡವದೆ ಉಳಿಸಿದ ಒಂದೊಂದು ಹಳೆಯ ಮನೆ ನಮ್ಮ ಪಾಲಿಗೆ ಅಷ್ಟು ತಂಗಾಳಿ. ನಮ್ಮ ನಿಘಂಟಿನಲ್ಲಿ ತಂಗಾಳಿ ಎಂಬ ಪದಕ್ಕೆ 'ಪ್ರಾಚೀನರು ಸಂಜೆ ಪೂಜಿಸುತ್ತಿದ್ದ ಒಂದು ದೇವತೆ' ಎಂದು ಅರ್ಥ ಕೊಟ್ಟಿದ್ದಾರೆ. ನಿಘಂಟುಕಾರರ ತಪ್ಪಲ್ಲ. ನೀವೆಲ್ಲ ಅಂಗಳದಲ್ಲಿ ಕುಳಿತು ಅದಕ್ಕಾಗಿ ಕಾಯುತ್ತಿದ್ದಿರಿ, ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಿರಿ ಎಂದು ಓದಿದವರು ಇನ್ನೇನೆಂದು ತಿಳಿಯಬೇಕು? ನಮ್ಮ ಕೋರಿಕೆ ಇಷ್ಟೇ. ನಮಗೆ ಮನೆ ಬಿಟ್ಟುಹೋಗದಿದ್ದರೂ ಸರಿ, ರಾತ್ರಿಯನ್ನು ಬಿಟ್ಟುಹೋಗಿ.

ಇಲ್ಲಿಗೆ ಮುಗಿಸುವವನಿದ್ದೆ. ಅತ್ತೆ ಇಷ್ಟೂ ಹೊತ್ತು ನನ್ನ ಹೆಗಲ ಮೇಲಿಂದ ಇಣುಕಿ ಓದುತ್ತಿದ್ದಳೆಂದು ಈಗ ತಿಳಿಯಿತು. "ಖರೇ ಬರಿತಿಯೋ, ನಾನೇ ಬರೀಲೋ?" ಎನ್ನುತ್ತಿದ್ದಾಳೆ. ಅವಳ ಅಕ್ಷರ ನನ್ನದಕ್ಕಿಂತ ದುಂಡಗಿದೆ, ಕೊಟ್ಟರೆ ನಾಲ್ಕು ಪುಟ ಬರೆಯುತ್ತಾಳೆ. ಆದ್ದರಿಂದ ನಾನೇ ಚಿಕ್ಕದಾಗಿ ತಿದ್ದುತ್ತೇನೆ.

ಬೆಳಕಿಂಡಿಯಿಂದ ನಾನು ಧುಮುಕಿದ್ದಲ್ಲ, ಇಣುಕುವಾಗ ಜಾರಿ ಬಿದ್ದದ್ದು. ಎದ್ದು ನಿಂತು "ಅತ್ತೀ" ಎಂದು ಒಮ್ಮೆ ಕೂಗಿದೆನಂತೆ. ಅಷ್ಟರಲ್ಲಿ ನಾನು ಕಟ್ಟಿದ ಮನೆಯ ಸೆಕೆ ನನಗೇ ತಾಳಲಾಗದೆ, ಅವಳ ರೊಟ್ಟಿಯ ಗಂಟಿನ ಮೇಲೆ ಮೂರ್ಛೆ ಹೋದೆ. ಅವಳು ತನಗಾಗಿ ಕೊನೆಯವರೆಗೂ ತೆಗೆಯದಿದ್ದ ಅಗಳಿಯನ್ನು ನನಗಾಗಿ ತೆಗೆದಳು. ನಡುಗುವ ಕೈಯಲ್ಲೇ ನನ್ನ ಎರಡೂ ಕಾಲು ಹಿಡಿದು, ಇಡೀ ಕಾಲೇಜು ನೋಡುತ್ತಿದ್ದಂತೆ, ಜೋಳದ ಚೀಲ ಎಳೆದಂತೆ ಹೊರಗೆ ಎಳೆದು ತಂದಳು. ಹೊಸ್ತಿಲಿಗೆ ತಲೆ ಬಡಿದು ನನಗೆ ಎಚ್ಚರವಾಯಿತು. ಹೊಸ್ತಿಲು ಅಷ್ಟು ಎತ್ತರ ಯಾಕಿಟ್ಟೆ ಎಂದು ಪರೀಕ್ಷಕರು ಕೇಳಿದಾಗ, ತಲೆಯ ಮೇಲೆದ್ದ ಬುಗುಟು ತೋರಿಸಿದೆ.